ಕಲ್ಲುಪ್ಪು, ಕೆಂಡ, ಕೋಳಿ: ಬ್ರೆಜಿಲಿನ ಶುಹಾಸ್ಕು ಮಾಡುವ ಬಗೆ

ಕೆಂಡದ ಮೇಲೆ ಸುಟ್ಟ ಮಾಂಸಕ್ಕೂ, ಅದನ್ನು ಸುಡುವ ವಿಧಾನಕ್ಕೂ, ಅದರ ನೆಪದಲ್ಲಿ ಮನೆಮಂದಿ, ಗೆಳೆಯರು ಸೇರುವ ಭಾನುವಾರದ ಮಧ್ಯಾಹ್ನಕ್ಕೂ ಬ್ರೆಜಿಲಿನಲ್ಲಿ ಒಂದೇ ಹೆಸರು: ಶುಹಾಸ್ಕು. ಸುಡುವ ಹೊಣೆ ಹೊತ್ತವರನ್ನು ಶುಹಾಸ್ಕೇರು ಅನ್ನುತ್ತಾರೆ. ದೇಶದ ದಕ್ಷಿಣ ತುದಿಯ ರಿಯೋ ಗ್ರಾಂಡೆ ದೊ ಸುಲ್ ರಾಜ್ಯದ ಹುಲ್ಲುಗಾವಲುಗಳಲ್ಲಿ ದನ ಕಾಯುತ್ತಿದ್ದ ಗೌಶೊಗಳು ನೆಲದಲ್ಲಿ ಬೆಂಕಿ ಹಾಕಿ, ಮರದ ಗೂಟಕ್ಕೆ ಮಾಂಸ ಚುಚ್ಚಿ ಬೆಂಕಿಯ ಪಕ್ಕ ನಿಲ್ಲಿಸಿ ಬೇಯಿಸುತ್ತಿದ್ದರು. ಆ ಪದ್ಧತಿಗೆ 'ನೆಲದ ಬೆಂಕಿ' ಎಂದೇ ಹೆಸರು. 1835ರ ಸೆಪ್ಟೆಂಬರ್ 20ರಂದು ಶುರುವಾದ ಫಾರೋಪಿಲ್ಯಾ ದಂಗೆಯ (ಬ್ರೆಜಿಲ್ ಸಾಮ್ರಾಜ್ಯದ ವಿರುದ್ಧ ಈ ರಾಜ್ಯದವರು ಎದ್ದದ್ದು) ನೆನಪಿಗೆ ಪ್ರತಿ ಸೆಪ್ಟೆಂಬರಿನಲ್ಲಿ ರಾಜಧಾನಿ ಪೋರ್ಟೊ ಅಲೆಗ್ರೆ ನಗರದ ಉದ್ಯಾನದಲ್ಲಿ ಬಿಡಾರ ಹೂಡುವ ಜನ ಇವತ್ತಿಗೂ ಹಾಗೆಯೇ ಪಕ್ಕೆಲುಬನ್ನು ಗಂಟೆಗಟ್ಟಲೆ ಸುಡುತ್ತಾರೆ.

ಕಬಾಬ್, ತಂದೂರಿಗಳಿಗೆ ಒಗ್ಗಿದ ಕೈಗೆ ಇದರಲ್ಲಿ ಮೊದಲು ಕಾಣುವುದು ಮಸಾಲೆ ಇಲ್ಲದಿರುವುದು. ಖಾರದಪುಡಿ, ಮೊಸರು, ಗರಂ ಮಸಾಲೆ ಯಾವುದೂ ಇಲ್ಲ. ದೊಡ್ಡ ಮಾಂಸದ ತುಂಡಿಗೆ ಉಪ್ಪು ಬಿಟ್ಟರೆ ಬೇರೇನೂ ಇಲ್ಲ. ಹಾಗಾಗಿ ರುಚಿಯ ಭಾರವೆಲ್ಲ ಬೀಳುವುದು ಒಂದೇ ವಿಷಯದ ಮೇಲೆ: ಕೆಂಡಕ್ಕೂ ಮಾಂಸಕ್ಕೂ ನಡುವೆ ಎಷ್ಟು ದೂರ? ಬ್ರೆಜಿಲಿಗರು ಅದನ್ನು ಅಳೆಯುವುದು 'ಪಾಲ್ಮು' ಲೆಕ್ಕದಲ್ಲಿ. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ, ಅಂದರೆ ನಮ್ಮ ಗೇಣು, ಸುಮಾರು 22 ಸೆಂಟಿಮೀಟರ್. ಈ ಬರಹದಲ್ಲೂ ಗೇಣಿನ ಲೆಕ್ಕವನ್ನೇ ಇಟ್ಟುಕೊಳ್ಳೋಣ. ಕೈಯಲ್ಲೇ ಇರುವ ಅಳತೆ, ಟೇಪು ಹುಡುಕಬೇಕಿಲ್ಲ.

ಒಲೆ

ಬ್ರೆಜಿಲಿನ ಎಷ್ಟೋ ಮನೆಗಳ ಹಿತ್ತಿಲಲ್ಲಿ ಶುಹಾಸ್ಕೇರಾ ಎಂಬ ಇಟ್ಟಿಗೆಯ ಒಲೆ ಇರುತ್ತದೆ. ಅದಿಲ್ಲದಿದ್ದರೆ ಅಂಗಳದಲ್ಲಿ ಗಾರೆ ಇಲ್ಲದೆ ಇಟ್ಟಿಗೆ ಜೋಡಿಸಿಯೇ ಒಳ್ಳೆಯ ಒಲೆ ಮಾಡಬಹುದು. 9 ಇಂಚು ಉದ್ದ, 4 ಇಂಚು ಅಗಲ, 3 ಇಂಚು ದಪ್ಪದ ಮಾಮೂಲಿ ಸುಟ್ಟ ಇಟ್ಟಿಗೆ 50 ಇದ್ದರೆ ಸಾಕು. ನೆಲಕ್ಕೆ ಎರಡು ಇಂಚು ಒಣ ಮರಳು ಹರಡಿ. ಕೆಂಡವನ್ನು ನೇರವಾಗಿ ಸಿಮೆಂಟು ನೆಲದ ಮೇಲೆ ಹಾಕಿದರೆ ನೆಲ ಸಿಡಿದು ಚಕ್ಕೆ ಏಳುತ್ತದೆ. ನಡುವೆ 45 ಸೆಂಟಿಮೀಟರ್ ಬಿಟ್ಟು ಎರಡು ಪಕ್ಕಕ್ಕೂ ಮೂರು ಮೂರು ಇಟ್ಟಿಗೆ ಉದ್ದದ ಗೋಡೆ, ಹಿಂದೆ ಎರಡು ಇಟ್ಟಿಗೆ. ಮುಂಭಾಗ ತೆರೆದಿರಲಿ, ಗಾಳಿ ಅಲ್ಲಿಂದ ಬರಬೇಕು. ಮಲಗಿಸಿದ ಇಟ್ಟಿಗೆಯ ನಾಲ್ಕು ವರಸೆ ಏರಿಸಿದರೆ 30 ಸೆಂಟಿಮೀಟರ್ ಎತ್ತರ ಸಿಗುತ್ತದೆ. ಕೆಂಡದ ಹಾಸಿಗೆ 8 ಸೆಂಟಿಮೀಟರ್ ನುಂಗಿದ ಮೇಲೆ ಉಳಿಯುವುದು ಸರಿಯಾಗಿ ಒಂದು ಗೇಣು. ಗೋಡೆಯ ಹಿಂದಿನ ಅರ್ಧಭಾಗವನ್ನು ಮಾತ್ರ ಇನ್ನೂ ಮೂರು ವರಸೆ ಏರಿಸಿ. ಅಲ್ಲಿ ಎರಡು ಗೇಣು ಸಿಗುತ್ತದೆ. ಹೀಗೆ ಒಂದೇ ಒಲೆಯಲ್ಲಿ ಎರಡು ಮಟ್ಟ ಸಿಕ್ಕಿತು, ಶುಹಾಸ್ಕುವಿಗೆ ಬೇಕಾದದ್ದು ಅದೇ. ನದಿಯ ಕಲ್ಲು, ಹಸಿ ಇಟ್ಟಿಗೆ ಬೇಡ. ಒಳಗಿನ ನೀರು ಆವಿಯಾಗಿ ಕಲ್ಲು ಸಿಡಿಯುತ್ತದೆ.

ಮಾಂಸ ಚುಚ್ಚುವ ಕಂಬಿಗಳು 75 ಸೆಂಟಿಮೀಟರ್ ಉದ್ದ ಇರಲಿ, ಗೋಡೆಯಿಂದ ಗೋಡೆಗೆ ಅಡ್ಡ ಕೂರಬೇಕು. ದುಂಡನೆಯ ಕಂಬಿ ಕೆಲಸಕ್ಕೆ ಬಾರದು: ಕಂಬಿ ತಿರುಗಿಸಿದರೆ ಕಂಬಿಯಷ್ಟೇ ತಿರುಗುತ್ತದೆ, ಮಾಂಸ ಜೋತುಬಿದ್ದು ಅಲ್ಲೇ ಇರುತ್ತದೆ. ಒಂದು ಸೆಂಟಿಮೀಟರ್ ಅಗಲದ ಚಪ್ಪಟೆ ಸ್ಟೀಲ್ ಪಟ್ಟಿ ಅಥವಾ ಎರಡು ಕವಲಿನ ಕಂಬಿ ಮಾಡಿಸಿ. ಸತುವಿನ ಲೇಪ ಇರುವ ಜಿ.ಐ. ಕಂಬಿ ಮಾತ್ರ ಖಂಡಿತ ಬೇಡ, ಬಿಸಿಗೆ ಅದರಿಂದ ಏಳುವ ಹೊಗೆ ವಿಷ. ಕೋಳಿಗೆ ಎರಡು ಮಡಿಕೆಯ ಜಾಲರಿಯೂ ಬೇಕಾಗುತ್ತದೆ. ಮಧ್ಯೆ ಇಟ್ಟು ಚಿಲಕ ಹಾಕಿದರೆ ಒಂದೇ ಸಲಕ್ಕೆ ಮಗುಚಬಹುದು.

ಕೆಂಡ

ಬ್ರೆಜಿಲಿನಲ್ಲಿ ನೀಲಗಿರಿ ಮತ್ತು ಕಪ್ಪು ಅಕೇಶಿಯಾ ಮರದ ಇದ್ದಿಲು ಹೆಚ್ಚು ಬಳಕೆಯಲ್ಲಿದೆ. ಕರ್ನಾಟಕದಲ್ಲಿ ಜಾಲಿ ಅಥವಾ ಸರ್ವೆ ಮರದ ಇದ್ದಿಲು ಸಿಕ್ಕರೆ ಅದು ಸರಿಸಮ. ಎರಡು ತುಂಡು ತಾಗಿಸಿದಾಗ ಗಾಜಿನಂತೆ ಠಣ್ ಎಂದರೆ ಇದ್ದಿಲು ಪೂರ್ತಿ ಸುಟ್ಟು ಒಣಗಿದೆ ಎಂದರ್ಥ. ಡಬ್ ಎಂದರೆ ಒಳಗೆ ತೇವ ಇದೆ, ಕಿಡಿ ಹಾರುತ್ತದೆ, ಹೊಗೆ ಬರುತ್ತದೆ. ಅಂಥದ್ದನ್ನು ಒಂದು ದಿನ ಬಿಸಿಲಿಗೆ ಹಾಕಿ. ಲೆಕ್ಕ ಸುಲಭ: ಒಂದು ಕೆಜಿ ಮಾಂಸಕ್ಕೆ ಒಂದು ಕೆಜಿ ಇದ್ದಿಲು. ಗಂಟೆಗಟ್ಟಲೆ ಬೇಯುವ ದೊಡ್ಡ ತುಂಡುಗಳಿದ್ದರೆ ಅದರ ಒಂದೂವರೆ ಪಟ್ಟು.

ಇದ್ದಿಲನ್ನು ಗುಡ್ಡೆ ಮಾಡಿ ನಡುವೆ ಕುಳಿ ಬಿಡಿ. ಹಳೇ ಬ್ರೆಡ್ಡಿನ ತುಂಡನ್ನೋ ಹತ್ತಿಯ ಉಂಡೆಯನ್ನೋ ಅಡುಗೆ ಎಣ್ಣೆಯಲ್ಲಿ ಅದ್ದಿ ಕುಳಿಯಲ್ಲಿಟ್ಟು ಹಚ್ಚಿದರೆ 10-12 ನಿಮಿಷ ಬಿಡದೆ ಉರಿಯುತ್ತದೆ. ಸೀಮೆಎಣ್ಣೆ, ಪೆಟ್ರೋಲು ಹತ್ತಿರಕ್ಕೂ ಬರಬಾರದು. ಅಪಾಯ ಒಂದು ಕಡೆಯಾದರೆ, ಆ ವಾಸನೆ ಕೋಳಿಯ ಚರ್ಮದ ಕೊಬ್ಬಿಗೆ ಹತ್ತಿ ಕೊನೆಯ ತುತ್ತಿನವರೆಗೂ ಬಿಡುವುದಿಲ್ಲ.

ಇನ್ನು ಕಾಯುವುದು. ಇಲ್ಲೇ ಹೆಚ್ಚಿನವರು ಎಡವುವುದು. ಜ್ವಾಲೆ ಕಂಡ ಕೂಡಲೇ ಕಂಬಿ ಇಟ್ಟರೆ ಮಾಂಸ ಹೊರಗೆ ಕಪ್ಪು, ಒಳಗೆ ಹಸಿ. ಹಚ್ಚಿದ 35-40 ನಿಮಿಷಕ್ಕೆ ಜ್ವಾಲೆ ಅಡಗಿ, ಎಲ್ಲ ತುಂಡಿನ ಮೇಲೂ ತೆಳು ಬೂದಿಯ ಪದರ ಕಟ್ಟಿ, ಒಳಗೆ ಕಿತ್ತಳೆ ಬಣ್ಣದ ಕಾವು ಕಾಣುತ್ತದೆ. ಆಗ ಗುಡ್ಡೆ ಒಡೆದು ಹರಡಿ: ಎರಡು ಪಾಲು ಮುಂದಿನ ತಗ್ಗಿನ ಮಟ್ಟದ ಕೆಳಗೆ, ಒಂದು ಪಾಲು ಹಿಂದಿನ ಎತ್ತರದ ಮಟ್ಟದ ಕೆಳಗೆ. ಕಂಬಿ ಕೂರುವ ಎತ್ತರದಲ್ಲಿ ಅಂಗೈ ಹಿಡಿದು ಎಣಿಸಿ. ಮೂರು ಎಣಿಸುವಷ್ಟರಲ್ಲಿ ಕೈ ಹಿಂದೆಗೆಯಬೇಕಾದರೆ ಅದು ಬಿರುಸಾದ ಕಾವು, ಕೋಳಿಯ ಗುಂಡಿಗೆಗೆ (ಹೃದಯಕ್ಕೆ) ಮತ್ತು ತೆಳು ತುಂಡಿಗೆ ಸರಿ. ಐದಾರು ಎಣಿಸಿದರೆ ಹದವಾದ ಕಾವು, ಕೋಳಿಗೆ ಸರಿ. ಎಂಟು ದಾಟಿದರೆ ಪಕ್ಕೆಲುಬಿನಂಥ ನಿಧಾನದ ಅಡುಗೆಗೆ ಸಾಕು, ಬೇರೆಯದಕ್ಕೆ ಸಾಲದು.

ಅರ್ಧ ಗಂಟೆಗೊಮ್ಮೆ ಹೊಸ ಇದ್ದಿಲು ಸೇರಿಸಬೇಕು. ಆದರೆ ಮಾಂಸದ ನೇರ ಕೆಳಗಲ್ಲ. ಮೂಲೆಯಲ್ಲಿ ಹಾಕಿ, ಬೂದಿ ಕಟ್ಟಿದ ಮೇಲೆ ಕಡ್ಡಿಯಿಂದ ತಳ್ಳಿ ಒಳಗೆ ತನ್ನಿ. ಕೊಬ್ಬು ತೊಟ್ಟಿಕ್ಕಿ ಜ್ವಾಲೆ ಎದ್ದರೆ ನೀರು ಚಿಮುಕಿಸುವ ಅಭ್ಯಾಸ ನಮ್ಮಲ್ಲಿದೆ. ನೀರು ಬಿದ್ದರೆ ಬೂದಿ ಹಾರಿ ಮಾಂಸಕ್ಕೆ ಅಂಟುತ್ತದೆ, ಕೆಂಡವೂ ಸಾಯುತ್ತದೆ. ಬದಲಿಗೆ ಕಂಬಿಯನ್ನು ಮೇಲಿನ ಮಟ್ಟಕ್ಕೆ ಎತ್ತಿ, ಜ್ವಾಲೆಯ ಜಾಗಕ್ಕೆ ಒಂದು ಹಿಡಿ ತಣ್ಣನೆಯ ಬೂದಿ ಎಳೆದು ಬಿಡಿ, ಅರ್ಧ ನಿಮಿಷದಲ್ಲಿ ಅಡಗುತ್ತದೆ. ಇದಕ್ಕಾಗಿ ಹಿಂದಿನ ಸಲದ ಬೂದಿಯನ್ನು ಒಂದು ತಗಡಿನ ಡಬ್ಬಿಯಲ್ಲಿ ಇಟ್ಟುಕೊಂಡಿರಿ.

ಮುಚ್ಚಿದ ಬಾಲ್ಕನಿ, ಗ್ಯಾರೇಜು, ಶೀಟು ಹೊದಿಸಿದ ಕೋಣೆ ಯಾವುದರಲ್ಲೂ ಇದನ್ನು ಮಾಡಬೇಡಿ. ಹೊಗೆ ಇಲ್ಲದ ಕೆಂಡದಿಂದಲೂ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಪ್ರಾಣ ತೆಗೆಯುತ್ತದೆ.

ಉಪ್ಪು

ಬ್ರೆಜಿಲಿಗರ 'ಸಾಲ್ ಗ್ರೊಸ್ಸು' ನಮ್ಮ ಕಲ್ಲುಪ್ಪೇ, ಆದರೆ ಹರಳು ಸ್ವಲ್ಪ ಚಿಕ್ಕದು. ನಮ್ಮ ಕಲ್ಲುಪ್ಪನ್ನು ಒರಳಲ್ಲಿ ಎರಡು ಪೆಟ್ಟು ಕುಟ್ಟಿ ಸಾಸಿವೆಯಿಂದ ಮೆಣಸಿನಕಾಳಿನ ಗಾತ್ರದವರೆಗೆ ಮಾಡಿಕೊಂಡರೆ ಸರಿಹೋಗುತ್ತದೆ. ಪುಡಿ ಉಪ್ಪು ಏಕೆ ಬೇಡ? ಅದು ಮಾಂಸದ ಮೇಲೆ ಕೂಡಲೇ ಕರಗಿ ಒಳಗಿಳಿಯುತ್ತದೆ, ಎಷ್ಟು ಹಾಕಿದೆವೋ ಅಷ್ಟೂ ಒಳಗೇ ಉಳಿಯುತ್ತದೆ, ಕೈ ತಪ್ಪಿದರೆ ತಿದ್ದಲು ದಾರಿಯಿಲ್ಲ. ಹರಳು ಹಾಗಲ್ಲ. ಬೇಕಾದಷ್ಟು ಕರಗಿ ಉಳಿದದ್ದು ಮೇಲೆಯೇ ಕೂತಿರುತ್ತದೆ. ಬೆಂದ ಮೇಲೆ ಕತ್ತಿಯ ಬೆನ್ನಿನಿಂದ ಕಂಬಿಗೆ ನಾಲ್ಕು ಪೆಟ್ಟು ಹಾಕಿದರೆ ಉದುರಿ ಹೋಗುತ್ತದೆ. ಶುಹಾಸ್ಕೇರುಗಳು ಕಂಬಿ ಬಡಿಯುವುದು ಇದಕ್ಕೇ.

ದಪ್ಪ ತುಂಡಿಗೆ ಒಲೆಗೇರಿಸುವ ಐದು ನಿಮಿಷ ಮೊದಲು ಉಪ್ಪು ಉರುಳಿಸಿ. ಅರ್ಧ ಗಂಟೆ ಮೊದಲೇ ಹಾಕಿಟ್ಟರೆ ಮೇಲೆಲ್ಲ ನೀರು ಒಸರಿ, ಕೆಂಡದ ಮೇಲೆ ಕಂದು ಹೊರಪದರ ಕಟ್ಟುವ ಬದಲು ಮಾಂಸ ಆವಿಯಲ್ಲಿ ಬೇಯುತ್ತದೆ.

ಕೋಳಿಗೆ ಮಾತ್ರ ಈ ಹರಳುಪ್ಪಿನ ವಿದ್ಯೆ ನಡೆಯದು. ಚರ್ಮದ ಮೇಲೆ ಹರಳು ನಿಲ್ಲುವುದಿಲ್ಲ, ನಿಂತರೂ ಚರ್ಮ ದಾಟಿ ಒಳಗಿಳಿಯುವುದಿಲ್ಲ. ಅದಕ್ಕೇ ಬ್ರೆಜಿಲಿನಲ್ಲೂ ಕೋಳಿಯನ್ನು ಉಪ್ಪುನೀರಲ್ಲಿ ನೆನೆಸುತ್ತಾರೆ, ಬೆಳ್ಳುಳ್ಳಿ, ನಿಂಬೆರಸ ಸೇರಿಸುತ್ತಾರೆ.

ಕೋಳಿ

ಕರ್ನಾಟಕದ ಕೋಳಿ ಅಂಗಡಿಯಲ್ಲಿ ಏನೂ ಹೇಳದಿದ್ದರೆ ಚರ್ಮ ಸುಲಿದು, ಸಾರಿನ ಗಾತ್ರಕ್ಕೆ ತುಂಡು ಮಾಡಿ ಕೊಟ್ಟುಬಿಡುತ್ತಾರೆ. ಶುಹಾಸ್ಕುವಿಗೆ ಅದು ನಡೆಯದು. 'ವಿತ್ ಸ್ಕಿನ್, ಕಟ್ ಮಾಡಬೇಡಿ' ಎಂದು ಮೊದಲೇ ಹೇಳಿ, ಬಿಸಿನೀರಲ್ಲಿ ಅದ್ದಿ ಪುಕ್ಕ ತೆಗೆಸಿ. ಮಸಾಲೆಯ ಹೊದಿಕೆ ಇಲ್ಲದ ಈ ಅಡುಗೆಯಲ್ಲಿ ಕೋಳಿಯನ್ನು ಒಣಗದಂತೆ ಕಾಯುವುದು ಚರ್ಮ ಮತ್ತು ಅದರಡಿಯ ಕೊಬ್ಬು. ನಾಟಿ ಕೋಳಿಯೂ ಬೇಡ. ಸಾರಿಗೆ ಅದು ರಾಜ, ಆದರೆ ಕೆಂಡದ ಒಣ ಕಾವಿಗೆ ಅದರ ನಾರು ಬಿಗಿದುಕೊಂಡು ಚರ್ಮದ ಪಟ್ಟಿಯಂತಾಗುತ್ತದೆ. ಬ್ರಾಯ್ಲರೇ ಸರಿ.

ಮೊದಲು ಗುಂಡಿಗೆ. ಕೋಳಿ ಗುಂಡಿಗೆ ಇಲ್ಲದ ಶುಹಾಸ್ಕು ಬ್ರೆಜಿಲಿನಲ್ಲಿ, ಅದರಲ್ಲೂ ದಕ್ಷಿಣದಲ್ಲಿ, ಕಾಣಸಿಗುವುದು ಕಡಿಮೆ. ನಮ್ಮಲ್ಲಿ ಅದು ಲಿವರ್, ಗಿಜರ್ಡ್ ಜೊತೆ ಬೆರಕೆಯಾಗಿ ಮಾರಾಟವಾಗುತ್ತದೆ. ಒಂದು ದಿನ ಮೊದಲು ಹೇಳಿದರೆ ಬೇರೆಯಾಗಿ ಎತ್ತಿಟ್ಟು ಕೊಡುತ್ತಾರೆ. ಒಂದು ಗುಂಡಿಗೆ ಸುಮಾರು 10 ಗ್ರಾಂ, ಅರ್ಧ ಕೆಜಿಗೆ 50ರಷ್ಟು ಬರುತ್ತವೆ. ತುದಿಯಲ್ಲಿ ಬಿಳಿ ಕೊಳವೆಯಂತೆ ಕಾಣುವ ನಾಳವನ್ನು ಕತ್ತರಿಸಿ ತೆಗೆಯಿರಿ, ಪಕ್ಕದ ಹಳದಿ ಕೊಬ್ಬನ್ನು ಅರ್ಧ ಉಳಿಸಿ. ಪೂರ್ತಿ ತೆಗೆದರೆ ಒಣಗುತ್ತದೆ. ಪ್ರತಿಯೊಂದನ್ನೂ ಮೆಲ್ಲಗೆ ಹಿಂಡಿ ಒಳಗೆ ಹೆಪ್ಪುಗಟ್ಟಿದ ರಕ್ತ ಹೊರಹಾಕಿ, ಎರಡು ಸಲ ತೊಳೆದು ಸೋಸಿ. ರಕ್ತ ಒಳಗೇ ಉಳಿದರೆ ಕಬ್ಬಿಣ ನೆಕ್ಕಿದಂಥ ಕಹಿ ರುಚಿ ಬರುತ್ತದೆ. ಗುಂಡಿಗೆ ಇಷ್ಟವಿಲ್ಲ ಎನ್ನುವವರಲ್ಲಿ ಎಷ್ಟೋ ಮಂದಿ ತಿಂದಿರುವುದು ಹೀಗೆ ಸರಿಯಾಗಿ ತೊಳೆಯದ್ದನ್ನು. ಅರ್ಧ ಕೆಜಿಗೆ ಒಂದು ಟೀ ಚಮಚ ಪುಡಿ ಉಪ್ಪು, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ದೊಡ್ಡ ಚಮಚ ನಿಂಬೆರಸ, ಅಷ್ಟೇ ಎಣ್ಣೆ. ಸೋಯಾ ಸಾಸ್ ಹಾಕುವವರೂ ಬಹಳ, ಹಾಕಿದರೆ ಉಪ್ಪು ಅರ್ಧ ಮಾಡಿ. ಒಂದು ಗಂಟೆ ನೆನೆದರೆ ಸಾಕು. ತೆಳು ಕಂಬಿಗೆ ಅಡ್ಡಲಾಗಿ 12-15 ಪೋಣಿಸಿ. ತೀರಾ ಒತ್ತಿ ಪೋಣಿಸಿದರೆ ತಾಗಿದ ಕಡೆ ಬೇಯುವುದಿಲ್ಲ, ತೀರಾ ಸಡಿಲ ಬಿಟ್ಟರೆ ಒಣಗುತ್ತವೆ, ಒಂದಕ್ಕೊಂದು ಮುಟ್ಟಿದಂತಿದ್ದರೆ ಸರಿ. ಒಂದು ಗೇಣು ಎತ್ತರ, ಬಿರುಸಾದ ಕಾವು, ಎರಡೆರಡು ನಿಮಿಷಕ್ಕೆ ತಿರುಗಿಸುತ್ತ 12 ರಿಂದ 15 ನಿಮಿಷ. 20 ದಾಟಿತೋ, ರಬ್ಬರು.

ರೆಕ್ಕೆಯ ಬುಡ ಮತ್ತು ತೊಡೆ. ಒಂದು ಲೀಟರ್ ನೀರಿಗೆ 60 ಗ್ರಾಂ ಉಪ್ಪು, ಜಜ್ಜಿದ ಆರು ಎಸಳು ಬೆಳ್ಳುಳ್ಳಿ, ಎರಡು ಪಲಾವ್ ಎಲೆ, ಒಂದು ನಿಂಬೆಯ ಸಿಪ್ಪೆ. ಇದರಲ್ಲಿ ಸುಮಾರು ಒಂದು ಕೆಜಿ ಮುಳುಗುತ್ತದೆ. ಫ್ರಿಜ್ಜಿನಲ್ಲಿ ಮೂರು ಗಂಟೆ. ರಾತ್ರಿಯಿಡೀ ಬಿಟ್ಟರೆ ಉಪ್ಪುಪ್ಪಾಗಿ, ಮಾಂಸ ಹ್ಯಾಮಿನಂತೆ ಬಿಗಿಯುತ್ತದೆ. ನೆನೆದ ಮೇಲೆ ತೆಗೆದು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಫ್ಯಾನಿನ ಕೆಳಗೆ 20 ನಿಮಿಷ ಇಡಿ. ಈ ಒಣಗಿಸುವ ಕೆಲಸವನ್ನು ಬಿಡಬೇಡಿ: ಒದ್ದೆ ಚರ್ಮ ಎಂದಿಗೂ ಗರಿಯಾಗದು, ನೀರು ಆರುವಷ್ಟರಲ್ಲಿ ಒಳಗಿನ ಮಾಂಸ ಬೆಂದು ಮುಗಿದಿರುತ್ತದೆ. ಮೂಳೆ ಇರುವ ತೊಡೆಗೆ ಒಂದೂವರೆ ಗೇಣು, ಮೂಳೆಯ ಬದಿ ಕೆಂಡಕ್ಕೆ ಮುಖ ಮಾಡಿ 25 ನಿಮಿಷ, ಆಮೇಲೆ ಚರ್ಮದ ಬದಿ 10-15 ನಿಮಿಷ. ರೆಕ್ಕೆಯ ಬುಡಕ್ಕೆ ಎಲ್ಲ ಸೇರಿ 25 ನಿಮಿಷ. ಮೊದಲೇ ಚರ್ಮ ಕೆಳಗೆ ಹಾಕಿದರೆ ಕೊಬ್ಬು ಕರಗಿ ಸುರಿದು ಜ್ವಾಲೆ ಏಳುತ್ತದೆ. ಮೂಳೆಯ ಬದಿ ಮೊದಲಾದರೆ ಕಾವು ಮೂಳೆಯ ಮೂಲಕ ನಿಧಾನಕ್ಕೆ ಏರುತ್ತ ಚರ್ಮದಡಿಯ ಕೊಬ್ಬನ್ನು ಮೆಲ್ಲಗೆ ಕರಗಿಸುತ್ತದೆ, ಕೊನೆಗೆ ಗರಿ ಮಾಡುವುದಷ್ಟೇ ಉಳಿಯುತ್ತದೆ.

ಬೆಂದಿದೆಯೋ ಇಲ್ಲವೋ ತಿಳಿಯಲು ಥರ್ಮಾಮೀಟರ್ ಒಳ್ಳೆಯದು. ಮೂಳೆಗೆ ತಾಗದಂತೆ ಚುಚ್ಚಿದಾಗ 74 ಡಿಗ್ರಿ ಸೆಲ್ಸಿಯಸ್ ಬಂದರೆ ತಿನ್ನಲು ಸುರಕ್ಷಿತ. ಆದರೆ ತೊಡೆಯನ್ನು 80-82ರವರೆಗೆ ಬಿಡಿ. ಅದರಲ್ಲಿರುವ ಅಂಟುನಾರು ಕರಗುವುದು ಅಲ್ಲಿ, 74ಕ್ಕೇ ಇಳಿಸಿದರೆ ಬೆಂದಿದ್ದರೂ ಎಳೆದಂತಿರುತ್ತದೆ. ಎದೆಮಾಂಸ ಇದಕ್ಕೆ ತದ್ವಿರುದ್ಧ, 74 ದಾಟಿದ ಪ್ರತಿ ನಿಮಿಷವೂ ನಷ್ಟ. ಆ ಕಾರಣಕ್ಕೇ ಬ್ರೆಜಿಲಿನಲ್ಲಿ ಎದೆಯನ್ನು ಬರಿದಾಗಿ ಸುಡದೆ, ತುಂಡು ಮಾಡಿ ಬೇಕನ್ ಸುತ್ತಿ ಕಂಬಿಗೆ ಹಾಕುತ್ತಾರೆ.

ಗಲೆಟೊ

ಇದು ಕೋಳಿಯ ಶುಹಾಸ್ಕುವಿನಲ್ಲಿ ಎಲ್ಲಕ್ಕಿಂತ ಸೊಗಸು, ಸ್ವಲ್ಪ ನಿಧಾನಿಸಿ ಹೇಳಬೇಕು. 1875ರಿಂದ ಇಟಲಿಯ ಉತ್ತರ ಭಾಗದ ರೈತರು ರಿಯೋ ಗ್ರಾಂಡೆ ದೊ ಸುಲ್‌ನ ಗುಡ್ಡಗಾಡಿಗೆ, ಈಗಿನ ಕಾಶಿಯಸ್ ದೊ ಸುಲ್ ಸುತ್ತಮುತ್ತ, ಬಂದು ನೆಲೆಸಿದರು. ಊರಲ್ಲಿ ಸಣ್ಣ ಹಕ್ಕಿಗಳನ್ನು ಬೇಟೆಯಾಡಿ ಸುಟ್ಟು ಪೊಲೆಂಟಾ (ಮುಸುಕಿನ ಜೋಳದ ಗಟ್ಟಿ ಮುದ್ದೆ) ಜೊತೆ ತಿನ್ನುವ ರೂಢಿ ಅವರದು. ಹಕ್ಕಿ ಬೇಟೆ ನಿಂತಾಗ ಆ ಜಾಗಕ್ಕೆ ಬಂದದ್ದು ಎಳೆಯ ಹುಂಜ. 'ಗಲೆಟೊ ಅಲ್ ಪ್ರಿಮೊ ಕಾಂಟೊ', ಮೊದಲ ಸಲ ಕೂಗುವ ಪ್ರಾಯದ ಹುಂಜ. ಒಂದು ತಿಂಗಳೂ ತುಂಬದ, 500-600 ಗ್ರಾಂ ತೂಗುವ ಹಕ್ಕಿ. ಅಷ್ಟು ಚಿಕ್ಕದು ನಮ್ಮಲ್ಲಿ ಸುಲಭಕ್ಕೆ ಸಿಗದು. ಹೋಟೆಲಿನವರು ಕೇಳುವ ತಂದೂರಿ ಸೈಜಿನ, 700-800 ಗ್ರಾಂ ಕೋಳಿ ತಂದರೆ ಕೆಲಸ ನಡೆಯುತ್ತದೆ.

ಬೆನ್ನುಮೂಳೆಯ ಎರಡೂ ಬದಿ ಕತ್ತರಿಯಲ್ಲಿ ಕತ್ತರಿಸಿ ಮೂಳೆ ತೆಗೆದು, ಪುಸ್ತಕದಂತೆ ತೆರೆದು, ಎದೆಮೂಳೆಯ ಮೇಲೆ ಅಂಗೈಯಿಂದ ಒತ್ತಿ ಚಪ್ಪಟೆ ಮಾಡಿ. ಎರಡು ಕೋಳಿಗೆ 200 ಮಿಲಿ ಬಿಳಿ ವೈನು, ಒಂದು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, 10-12 ಸೇಜ್ ಎಲೆ, ಒಂದು ಟೀ ಚಮಚ ಕಾಳುಮೆಣಸಿನ ಪುಡಿ, 25 ಗ್ರಾಂ ಉಪ್ಪು ಒಟ್ಟಿಗೆ ರುಬ್ಬಿ ಹಚ್ಚಿ, ಫ್ರಿಜ್ಜಿನಲ್ಲಿ 8ರಿಂದ 12 ಗಂಟೆ. ವೈನು ಬೇಡವಾದರೆ 150 ಮಿಲಿ ನೀರಿಗೆ 50 ಮಿಲಿ ವಿನೆಗರ್ ಬೆರೆಸಿ, ಆದರೆ ಆರು ಗಂಟೆಗಿಂತ ಹೆಚ್ಚು ಬಿಡಬೇಡಿ, ಹುಳಿಗೆ ಮಾಂಸದ ಮೇಲ್ಭಾಗ ಹಿಟ್ಟುಹಿಟ್ಟಾಗುತ್ತದೆ. ಸೇಜ್ ಎಲೆ ದೊಡ್ಡ ಊರಿನ ತರಕಾರಿ ಅಂಗಡಿಗಳಲ್ಲಿ ಹಸಿಯಾಗಿಯೂ, ಡಬ್ಬಿಯಲ್ಲಿ ಒಣಗಿಸಿದ್ದೂ ಸಿಗುತ್ತದೆ. ಒಣಗಿದ್ದಾದರೆ ಒಂದೂವರೆ ಟೀ ಚಮಚ. ಪುದೀನ, ಕೊತ್ತಂಬರಿ ಇದಕ್ಕೆ ಬದಲಿಯಲ್ಲ, ಗಲೆಟೊದ ಗುರುತೇ ಸೇಜ್‌ನ ಪರಿಮಳ.

ಸುಡುವ ಮೊದಲು ಅಂಟಿದ ಈರುಳ್ಳಿ, ಎಲೆ ಎಲ್ಲವನ್ನೂ ಕೈಯಿಂದ ಸವರಿ ತೆಗೆಯಿರಿ. ಬಿಟ್ಟರೆ ಕರಕಲಾಗಿ ಕಹಿಯಾಗುತ್ತದೆ. ಎರಡು ಮಡಿಕೆಯ ಜಾಲರಿಯಲ್ಲಿಟ್ಟು, ಒಂದೂವರೆ ಗೇಣು ಎತ್ತರದಲ್ಲಿ, ಹದವಾದ ಕಾವಿಗೆ ಒಳಬದಿ ಕೆಳಗೆ ಮಾಡಿ 25-30 ನಿಮಿಷ, ಚರ್ಮದ ಬದಿ 15. ನೆನೆಸಿದ ರಸವನ್ನು ಸವರುವ ಆಸೆಯಾದರೆ ಮೊದಲ 20 ನಿಮಿಷದೊಳಗೆ ಮುಗಿಸಿ. ಹಸಿ ಕೋಳಿಯ ರಸ ಅದು, ಮೇಲೆ ಬಿದ್ದದ್ದು ಬೇಯಲು ಸಮಯ ಬೇಕು. ಆ ಗುಡ್ಡಗಾಡಿನಲ್ಲಿ ಗಲೆಟೊ ಜೊತೆಗೆ ಬರುವುದು ಹೋಳು ಮಾಡಿ ಸುಟ್ಟ ಅಥವಾ ಕರಿದ ಪೊಲೆಂಟಾ, ಅಂದರೆ ಗಟ್ಟಿಯಾಗಿ ತೊಳಸಿ ಆರಿಸಿದ ಮುಸುಕಿನ ಜೋಳದ ಹಿಟ್ಟು. ನಮ್ಮ ಮುಸುಕಿನ ಜೋಳದ ರವೆಯನ್ನು ಒಂದಕ್ಕೆ ನಾಲ್ಕು ನೀರು ಹಾಕಿ 40 ನಿಮಿಷ ತೊಳಸಿ ತಟ್ಟೆಗೆ ಸುರಿದು ಆರಿಸಿದರೆ ಅದೇ.

ಬ್ರೆಜಿಲಿನ ಊರೂರಿನಲ್ಲಿ ಭಾನುವಾರ ಬೇಕರಿಗಳ ಮುಂದೆ ಗಾಜಿನ ಪೆಟ್ಟಿಗೆಯಲ್ಲಿ ಇಡೀ ಕೋಳಿಗಳು ತಿರುಗುತ್ತ ಬೇಯುತ್ತಿರುತ್ತವೆ. ಬೀದಿನಾಯಿಗಳು ಅದರ ಮುಂದೆ ಕಣ್ಣು ಕೀಳದೆ ಕೂರುವುದರಿಂದ ಜನ ಅದನ್ನು 'ನಾಯಿಯ ಟೀವಿ' ಅನ್ನುತ್ತಾರೆ. ಅದು ಬೇರೆಯೇ ಅಡುಗೆ, ಗ್ಯಾಸ್ ಅಥವಾ ವಿದ್ಯುತ್ತಿನದು.

ದನ ಮತ್ತು ಹಂದಿ ಮಾಂಸ

ಬ್ರೆಜಿಲಿನಲ್ಲಿ ಶುಹಾಸ್ಕುವಿನ ಪಟ್ಟದ ತುಂಡು ಪಿಕಾನ್ಯಾ. ದನದ ಹಿಂಭಾಗದ ಮೇಲೆ ಟೋಪಿಯಂತೆ ಕೂತಿರುವ, ಒಂದು ಬದಿಗೆ ಬೆರಳಷ್ಟು ದಪ್ಪದ ಕೊಬ್ಬಿರುವ ತ್ರಿಕೋನ ತುಂಡು. ಅಮೆರಿಕ, ಬ್ರಿಟನ್ನುಗಳಲ್ಲಿರುವ ಕನ್ನಡಿಗರು ಕಟುಕರ ಅಂಗಡಿಯಲ್ಲಿ ಟಾಪ್ ಸರ್ಲಾಯಿನ್ ಕ್ಯಾಪ್ ಅಥವಾ ರಂಪ್ ಕ್ಯಾಪ್ ಎಂದು ಕೇಳಿದರೆ ಸಿಗುತ್ತದೆ, ಕೊಬ್ಬು ಕೊಯ್ಯಬೇಡಿ ಎಂದು ಹೇಳಬೇಕು. ತೂಕ 1 ರಿಂದ 1.3 ಕೆಜಿ. ಅದಕ್ಕಿಂತ ತುಂಬ ಹೆಚ್ಚಿದ್ದರೆ ಪಕ್ಕದ ಗಟ್ಟಿ ಮಾಂಸವೂ ಸೇರಿಕೊಂಡಿದೆ ಎಂದು ತಿಳಿಯಬೇಕು, ಪಿಕಾನ್ಯಾದ ದುಡ್ಡಿಗೆ ಅದನ್ನೂ ಕೊಂಡಂತಾಗುತ್ತದೆ. ನಾಲ್ಕು ಸೆಂಟಿಮೀಟರ್ ದಪ್ಪಕ್ಕೆ, ನಾರು ಹರಿಯುವ ದಿಕ್ಕಿನಲ್ಲೇ ಕೊಯ್ದು, ಕೊಬ್ಬು ಹೊರಗೆ ಬರುವಂತೆ ಅರ್ಧಚಂದ್ರವಾಗಿ ಬಗ್ಗಿಸಿ ಕಂಬಿಗೆ ಚುಚ್ಚಿ. ಒಂದು ಗೇಣು, ಬಿರುಸಾದ ಕಾವು, ಮೊದಲು ಕೊಬ್ಬಿನ ಬದಿ. ನಡುವೆ 55 ಡಿಗ್ರಿ ಬಂದಾಗ ಇಳಿಸಿ, ಐದು ನಿಮಿಷ ಬಿಟ್ಟು, ನಾರಿಗೆ ಅಡ್ಡ ತೆಳುವಾಗಿ ಹೋಳು ಮಾಡಿ.

ಅಲ್ಲಿ ಸಿಗುವ ಇನ್ನೊಂದು ತುಂಡಿಗೆ ನಮ್ಮ ಕಡೆಯ ನಂಟಿದೆ. ಬ್ರೆಜಿಲಿನ ದನಗಳಲ್ಲಿ ದೊಡ್ಡ ಪಾಲು ಭಾರತದಿಂದ ಹೋದ ಡುಬ್ಬದ ತಳಿಗಳ ಸಂತತಿ. ನೆಲ್ಲೂರಿನ ಹೆಸರನ್ನೇ ಹೊತ್ತ ನೆಲೋರ್, ಗುಜರಾತಿನ ಗಿರ್, ಕಾಂಕ್ರೇಜ್‌ನಿಂದ ಬಂದ ಗುಜೆರಾ. ಆ ಡುಬ್ಬವೇ ಅಲ್ಲಿ 'ಕುಪಿಂ', ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಎರಡು ಗೇಣಿಗಿಂತ ಮೇಲೆ ನಾಲ್ಕೈದು ಗಂಟೆ ಬೇಯಿಸುವ ತುಂಡು. ಪಕ್ಕೆಲುಬಿಗೂ ಹೀಗೇ ಹೊತ್ತು ಬೇಕು.

ಕರ್ನಾಟಕದಲ್ಲಿ ಮಾಡುವವರಿಗೆ ಕೋಳಿಯ ಜೊತೆ ಹಂದಿ ಸುಲಭ, ಕೊಡಗು, ಮಂಗಳೂರು ಕಡೆ ಒಳ್ಳೆಯ ಮಾಂಸ ಸಿಗುತ್ತದೆ. ಬ್ರೆಜಿಲಿನಲ್ಲೂ ಹಂದಿಯ ಕತ್ತಿನ ಭಾಗಕ್ಕೆ ಬೇಡಿಕೆ. ಎರಡು ಸೆಂಟಿಮೀಟರ್ ಹೋಳು, ಕಲ್ಲುಪ್ಪು, ಒಂದು ಗೇಣು, ಬದಿಗೆ ಏಳೆಂಟು ನಿಮಿಷ. ಹಂದಿಯ ಸಾಸೇಜು ಹಸಿಯದಾಗಿದ್ದರೆ ಒಂದೂವರೆ ಗೇಣು, 25 ನಿಮಿಷ, ಒಳಗೆ 71 ಡಿಗ್ರಿ. ಸಾಸೇಜಿಗೆ ಮುಳ್ಳುಚಮಚ ಚುಚ್ಚಬೇಡಿ, ರಸವೆಲ್ಲ ಕೆಂಡಕ್ಕೆ ಹೋಗುತ್ತದೆ.

ಮಾಂಸ ತಿನ್ನದವರಿಗೂ ಅಲ್ಲಿ ಕಂಬಿಯುಂಟು. ಈಶಾನ್ಯ ಬ್ರೆಜಿಲಿನ ಕ್ವಾಲ್ಯು ಎಂಬ ಚೀಸು ಕಾವಿಗೆ ಕರಗದೆ ಮೇಲೆ ಕಂದುಬಣ್ಣಕ್ಕೆ ತಿರುಗುತ್ತದೆ, ಕಡಲತೀರಗಳಲ್ಲಿ ತಗಡಿನ ಡಬ್ಬಿಯ ಕೆಂಡದ ಮೇಲೆ ಸುಟ್ಟು ಒರೆಗಾನೊ ಉದುರಿಸಿ ಮಾರುತ್ತಾರೆ. ಗಟ್ಟಿ ಪನೀರನ್ನು ಶೇಕಡಾ ಒಂದೂವರೆ ಉಪ್ಪುನೀರಲ್ಲಿ ಒಂದು ಗಂಟೆ ನೆನೆಸಿ, ಒರೆಸಿ, ಎಣ್ಣೆ ಸವರಿ ಬಿರುಸಾದ ಕಾವಿಗೆ ಬದಿಗೆ ಎರಡು ನಿಮಿಷ ಹಿಡಿದರೆ ಹತ್ತಿರಹತ್ತಿರ ಬರುತ್ತದೆ.

ಫರೋಫಾ ಮತ್ತು ವಿನಗ್ರೆಚಿ

ಫರೋಫಾ ಅಂದರೆ ಬೆಣ್ಣೆಯಲ್ಲಿ ಹುರಿದ ಮರಗೆಣಸಿನ ತರಿ. ಮಾಂಸದ ರಸ, ಕೊಬ್ಬನ್ನು ಹೀರಿಕೊಂಡು ಬಾಯಿಗೆ ಗರಿ ಕೊಡುವುದು ಅದರ ಕೆಲಸ. ಮರಗೆಣಸು ನಮ್ಮ ದೇಶಕ್ಕೆ ಬಂದದ್ದೇ ದಕ್ಷಿಣ ಅಮೆರಿಕದಿಂದ, ಆದರೆ ಅದರ ಒಣ ತರಿ ನಮ್ಮ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಸಬ್ಬಕ್ಕಿಯೋ ಮರಗೆಣಸಿನ ನುಣ್ಣನೆಯ ಹಿಟ್ಟೋ ಹಾಕಿದರೆ ಅಂಟಾಗುತ್ತದೆ, ಅದು ಬರೀ ಪಿಷ್ಟ. ಮನೆಯಲ್ಲೇ ಮಾಡಿಕೊಳ್ಳಿ: ಕಂದು ಸಿಪ್ಪೆ, ಅದರಡಿಯ ದಪ್ಪ ಬಿಳಿ-ಗುಲಾಬಿ ಸಿಪ್ಪೆ ಎರಡನ್ನೂ ಸುಲಿದ ಒಂದು ಕೆಜಿ ಗೆಣಸನ್ನು ತುರಿದು, ಬಟ್ಟೆಯಲ್ಲಿ ಕಟ್ಟಿ, ರುಬ್ಬುಕಲ್ಲು ಹೇರಿ ಎರಡು ಗಂಟೆ ನೀರು ಇಳಿಸಿ. ಆ ನೀರು ಚೆಲ್ಲಿಬಿಡಿ, ಸಯನೈಡ್ ಅಂಶ ಅದರಲ್ಲಿ ಹೋಗುತ್ತದೆ. ಬಾಯಿಗೆ ಕಹಿ ಎನಿಸುವ ಗೆಣಸನ್ನು ಬಳಸಲೇಬೇಡಿ. ಹಿಂಡಿದ ತುರಿಯನ್ನು ಜರಡಿಯಲ್ಲಿ ಉದುರಿಸಿ, ಅಗಲ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 30-40 ನಿಮಿಷ ಕೈ ಬಿಡದೆ ಹುರಿದರೆ ಸುಮಾರು 300 ಗ್ರಾಂ ಒಣ ತರಿ ಸಿಗುತ್ತದೆ. ಉರಿ ಹೆಚ್ಚಾದರೆ ಹೊರಗೆ ಅಂಟು ಕಟ್ಟಿ ಉಂಡೆಗಳಾಗುತ್ತವೆ.

ಬಡಿಸುವ ಮುನ್ನ 80 ಗ್ರಾಂ ಬೆಣ್ಣೆಯಲ್ಲಿ ಒಂದು ಈರುಳ್ಳಿ, ಮೂರು ಎಸಳು ಬೆಳ್ಳುಳ್ಳಿ ಬಾಡಿಸಿ, ಎರಡು ಮೊಟ್ಟೆ ಒಡೆದು ಕೆದಕಿ, 250 ಗ್ರಾಂ ತರಿ ಸುರಿದು ಐದು ನಿಮಿಷ ಹುರಿಯಿರಿ. ಅವಲಕ್ಕಿ ಒಗ್ಗರಣೆಯಂತೆ ಉದುರುದುರಾಗಿ ಇರಬೇಕು, ಹಿಟ್ಟಿನ ಧೂಳಿನಂತೆ ಗಂಟಲಿಗೆ ಹಿಡಿದರೆ ಇನ್ನೊಂದು ಚಮಚ ಬೆಣ್ಣೆ.

ವಿನಗ್ರೆಚಿ ನಮ್ಮ ಕೋಸಂಬರಿಯ ದೂರದ ನೆಂಟ: ಗಟ್ಟಿ ಟೊಮೆಟೊ ನಾಲ್ಕು, ಬೀಜ ತೆಗೆದು ಹೆಚ್ಚಿದ್ದು, ಈರುಳ್ಳಿ ಒಂದು, ದಪ್ಪ ಮೆಣಸಿನಕಾಯಿ ಅರ್ಧ, ಪಾರ್ಸ್ಲಿ ಅಥವಾ ಕೊತ್ತಂಬರಿ, ವಿನೆಗರ್ 60 ಮಿಲಿ, ಎಣ್ಣೆ 60 ಮಿಲಿ, ನೀರು 30 ಮಿಲಿ, ಉಪ್ಪು. ಅರ್ಧ ಗಂಟೆ ಇಟ್ಟು ಬಡಿಸಿ. ಕೊಬ್ಬಿನ ಜಿಡ್ಡನ್ನು ಕತ್ತರಿಸುವುದು ಇದರ ಹುಳಿ, ಆದ್ದರಿಂದ ಇದಿಲ್ಲದೆ ಊಟ ಅರೆಬರೆ.

ಹೊತ್ತಿನ ಲೆಕ್ಕ

ಎಂಟು ಜನಕ್ಕೆ ಎಲ್ಲ ಸೇರಿ 3.2 ಕೆಜಿ ಮಾಂಸ, ತಲೆಗೆ 400 ಗ್ರಾಂ: ಗುಂಡಿಗೆ ಅರ್ಧ ಕೆಜಿ, ರೆಕ್ಕೆಯ ಬುಡ ಅರ್ಧ ಕೆಜಿ, ತೊಡೆ 800 ಗ್ರಾಂ, ಗಲೆಟೊ ಎರಡು. ಒಂದು ಗಂಟೆಗೆ ಊಟ ಅಂದರೆ 11ಕ್ಕೆ ಬೆಂಕಿ ಹಚ್ಚಿ, 11:40ಕ್ಕೆ ಕೆಂಡ ಹರಡಿ. ಎತ್ತರದ ಮಟ್ಟದ ಕೆಳಗೆ ಕೆಂಡ ಕಡಿಮೆ ಇರುವುದರಿಂದ ಗಲೆಟೊಗೆ ಅಲ್ಲಿ ಒಂದೆರಡು ವರಸೆ ಇಟ್ಟಿಗೆ ತೆಗೆದು ಒಂದೂವರೆ ಗೇಣಿಗೆ ಇಳಿಸಿಕೊಳ್ಳಿ, 12:10ಕ್ಕೆ ಏರಿಸಿ, ತೊಡೆಯನ್ನೂ ಅದರ ಪಕ್ಕಕ್ಕೆ. ಮುಂದಿನ ಬಿರುಸಾದ ಜಾಗದಲ್ಲಿ ಮೊದಲ ಗುಂಡಿಗೆ 11:50ಕ್ಕೇ ಹೋಗಲಿ. ಶುಹಾಸ್ಕುವಿನಲ್ಲಿ ಎಲ್ಲರೂ ಒಟ್ಟಿಗೆ ಎಲೆ ಹಾಕಿ ಕೂರುವುದಿಲ್ಲ. ಬೆಂದದ್ದನ್ನು ಬೆಂದ ಹಾಗೆ ಹಲಗೆಯ ಮೇಲೆ ಹೆಚ್ಚಿ ಸುತ್ತ ಹಂಚುತ್ತಾರೆ. ಹೋಟೆಲುಗಳ 'ಹೊಡೀಜಿಯು' ಪದ್ಧತಿ, ಪರಿಚಾರಕರು ಕಂಬಿ ಹಿಡಿದು ಮೇಜಿಂದ ಮೇಜಿಗೆ ಸಾಗುತ್ತ ತಟ್ಟೆಗೆ ಕೊಯ್ದು ಹಾಕುವುದು, ಇದರದ್ದೇ ಮುಂದುವರಿಕೆ. ಎಲ್ಲವನ್ನೂ ಒಟ್ಟಿಗೆ ಬೇಯಿಸಿ ಪಾತ್ರೆಯಲ್ಲಿ ಮುಚ್ಚಿಟ್ಟರೆ ಗರಿಯಾದ ಚರ್ಮ ತನ್ನದೇ ಆವಿಗೆ ಮೆತ್ತಗಾಗಿ, ಇಷ್ಟು ಹೊತ್ತಿನ ಶ್ರಮ ನೀರುಪಾಲು.

ಹಸಿ ಮಾಂಸದ ಹಲಗೆ, ಇಕ್ಕಳ ಬೇರೆ, ಬೆಂದದ್ದರ ಹಲಗೆ, ಇಕ್ಕಳ ಬೇರೆ.

ಉಳಿದ ಮಾಂಸವನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮಾರನೆಯ ದಿನಕ್ಕೆ ಗೌಶೊಗಳ ಗಾಡಿಯವರ ಅನ್ನ, 'ಅಹೋಸ್ ಜಿ ಕಹೆತೇರು', ಇದಕ್ಕೆಂದೇ ಇದೆ. ಮೊದಲು ಎತ್ತಿನಗಾಡಿ ಹೊಡೆಯುವವರು ಉಪ್ಪು ಹಾಕಿ ಒಣಗಿಸಿದ ಮಾಂಸದಿಂದ ಮಾಡುತ್ತಿದ್ದದ್ದು, ಈಗ ಶುಹಾಸ್ಕುವಿನ ಉಳಿಕೆಯಿಂದಲೂ ಮಾಡುತ್ತಾರೆ. 300 ಗ್ರಾಂ ಮಾಂಸವನ್ನು ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಅಂಚು ಕಂದುವವರೆಗೆ ಹುರಿದು, ಈರುಳ್ಳಿ, ಬೆಳ್ಳುಳ್ಳಿ, ಒಂದು ಟೊಮೆಟೊ ಬಾಡಿಸಿ, ತೊಳೆದ ಎರಡು ಲೋಟ ಅಕ್ಕಿ ಹಾಕಿ ಎರಡು ನಿಮಿಷ ತಿರುವಿ, ನಾಲ್ಕು ಲೋಟ ಬಿಸಿನೀರು ಸುರಿಯಿರಿ. ಉಪ್ಪನ್ನು ಕೊನೆಗೆ ರುಚಿ ನೋಡಿಯೇ ಹಾಕಿ, ಮಾಂಸದಲ್ಲಿ ಆಗಲೇ ಇದೆ. ನೀರು ಪೂರ್ತಿ ಇಂಗುವ ಮೊದಲೇ, ಅಕ್ಕಿ ಬೆಂದು ಇನ್ನೂ ಸ್ವಲ್ಪ ಒದ್ದೆಯಿರುವಾಗಲೇ ಇಳಿಸಿ, ಈರುಳ್ಳಿ ಹೂವಿನ ದಂಟು ಉದುರಿಸಿ. ಪಲಾವಿನಂತೆ ಬಿಡಿಬಿಡಿಯಾಗಿಸಿದರೆ ಅದು ಕಹೆತೇರು ಅಲ್ಲ.